ಜಗಳ ಕೇಳಿದ ದಿಂಬುಗಳು

ನಮ್ಮ ಅತ್ತಿಗೆ ಶಿಲ್ಪ ಒಂದು ಬೆಳಿಗ್ಗೆ ಕಂಪನಿಯ ಕಾರಿನಿಂದ ಇಳಿದು, ಗೇಟು ತೆಗೆದು, ಬಾಗಿಲ ಮುಂದೆ ರಂಗೋಲಿ ಬಿಡುತ್ತಿದ್ದ ನಮ್ಮಮ್ಮನಿಗೆ, "ಥ್ಯಾಂಕ್ ಯೂ ಫಾರ್ ಕಾಲಿಂಗ್, ಹೌ ಮೇ ಐ ಹೆಲ್ಪ್ ಯೂ?" ಎಂದಳು. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೂ ಸೊಸೆಯ ಕಣ್ಣು ತೆರೆದಿದೆ, ಆ ಕಣ್ಣಿಗೆ ತಾನು ಕಾಣುತ್ತಿಲ್ಲ ಎಂಬುದು ಅವಳಿಗೆ ತಿಳಿಯಿತು. ರಂಗೋಲಿ ಹತ್ತಿದ ಕೈಯಲ್ಲೇ ತೋಳು ಹಿಡಿದು ಒಳಗೆ ಕರೆದೊಯ್ದು ಮಲಗಿಸಿದಳು. ಅತ್ತಿಗೆ ಮಲಗಿದಳೇ ಹೊರತು ನಿದ್ದೆ ಹತ್ತಲಿಲ್ಲ. ಅವಳು ನಿಜವಾಗಿ ನಿದ್ದೆ ಮಾಡಿ ಆಗಲೇ ಬಹಳ ಕಾಲವಾಗಿತ್ತು. ಬರುತ್ತಿದ್ದದ್ದು ಬರೀ ಅರೆಗಣ್ಣಿನ ತೂಕಡಿಕೆ.

ಇದು 2015ರ ಮಾತು, ಶಿವರಾತ್ರಿ ಕಳೆದ ಮೇಲಿನದು. ನಾನು ಸರಳಾ, ಕೊಡಿಗೇಹಳ್ಳಿಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟವಳು. ನನ್ನ ಗಂಡನ ಮನೆಗೂ ತವರುಮನೆಗೂ ನಡುವೆ ಎರಡೇ ಬೀದಿ, ಹಾಗಾಗಿ ತವರಿನಲ್ಲಿ ಯಾರು ಕೆಮ್ಮಿದರೂ ನನಗೆ ಗೊತ್ತಾಗುತ್ತದೆ. ಶಿಲ್ಪ ನನ್ನ ಅಣ್ಣ ನಂದಕುಮಾರನ ಹೆಂಡತಿ, ಮತ್ತಿಕೆರೆಯ ಹುಡುಗಿ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ವರಸೆಯಲ್ಲಿ ಅತ್ತಿಗೆ. ಹೆಬ್ಬಾಳದ ಹತ್ತಿರದ ಒಂದು ಕಂಪನಿಯಲ್ಲಿ ರಾತ್ರಿಯಿಡೀ ಹೊರದೇಶದವರ ಫೋನಿಗೆ ಉತ್ತರ ಹೇಳುವ ಕೆಲಸ. ಹೇಳುತ್ತಾ ಹೇಳುತ್ತಾ ಮೇಲೇರಿ, ಉತ್ತರ ಹೇಳುವವರಿಗೆಲ್ಲ ಮೇಲಧಿಕಾರಿಯಾಗಿದ್ದಳು.

ಆ ಕೆಲಸವೆಂದರೆ ನಮ್ಮಮ್ಮ ಗೋಪಾಲಮ್ಮನಿಗೆ ಎಲ್ಲಿಲ್ಲದ ಹೆಮ್ಮೆ. ಈಗ ಸಹಕಾರನಗರದ ಪಾರ್ಕು ಇರುವಲ್ಲಿ ಒಂದು ಕಾಲಕ್ಕೆ ನಮ್ಮ ಅವರೆ ಹೊಲವಿತ್ತು. ಅಮ್ಮ ಇವತ್ತಿಗೂ ಆ ಪಾರ್ಕಿನ ಬೆಂಚಿನಲ್ಲಿ ಕೂತವರಿಗೆ, "ನೀವು ಕೂತಿರೋ ತಾವ ನಮ್ದು ಬಾವಿ ಇತ್ತು," ಎಂದು ಹೇಳಿ ಅವರನ್ನು ಎಬ್ಬಿಸಿಬಿಡುತ್ತಾಳೆ. ಹೊಲ ಬಡಾವಣೆಗೆ ಹೋದ ಮೇಲೆ ಅವಳಿಗೆ ಬೀದಿಯಲ್ಲಿ ತಲೆ ಎತ್ತಿ ನಿಲ್ಲಲು ಉಳಿದದ್ದು ಆ ಬಿಳಿ ಕಾರು. ಬೆಳಿಗ್ಗೆ ಅದು ಬರುವ ಹೊತ್ತಿಗೆ ಸರಿಯಾಗಿ ಗೇಟಿನ ಬಳಿ ನಿಂತಿರುತ್ತಿದ್ದಳು. ನೋಡುವವರು ನೋಡಲಿ ಅಂತಲೇ ನಿಲ್ಲುತ್ತಾಳೆ ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಕಂಪನಿಯವರು ಅತ್ತಿಗೆಗೆ ಸಂಬಳವಿಲ್ಲದೆ ಒಂದು ವರ್ಷ ರಜೆ ಕೊಟ್ಟರು. ವರ್ಷ ತುಂಬಿದಾಗ ಬರುತ್ತೇನೆ ಅಥವಾ ಬರುವುದಿಲ್ಲ ಎಂದು ಹೇಳಬೇಕು, ಅಷ್ಟೆ. ಡಾಕ್ಟರು, ನಿದ್ದೆ ತಾನಾಗಿ ಮರಳುತ್ತದೆ, ಅದರ ಹಿಂದೆ ಬೀಳಬೇಡಿ ಎಂದರು. ಅಮ್ಮ ಮಾತ್ರ ಮೊದಲ ವಾರವೇ ಶುರು ಮಾಡಿದಳು. "ಒಂದ್ ವರ್ಸ ಮನೇಲಿ ಕೂತ್ರೆ ಆ ಕುರ್ಚಿ ಬೇರೇವ್ರು ಇಡ್ಕೊಳಲ್ವಾ?"

ನಮ್ಮ ಹಿತ್ತಲಲ್ಲಿ ಒಂದು ಬೂರುಗದ ಮರವಿದೆ. ಹೊಲ ಹೋದರೂ ಅದು ಉಳಿಯಿತು. ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದರೆ ಅದರ ಕಾಯಿ ಒಡೆದು ಹತ್ತಿ ಹಾರುತ್ತದೆ. ಅತ್ತಿಗೆ ಮಲಗುತ್ತಿದ್ದ ಕೋಣೆಯ ಕಿಟಕಿ ಆ ಕಡೆಗೇ ಇತ್ತು. ಮಟಮಟ ಮಧ್ಯಾಹ್ನ, ಬೀದಿಯೆಲ್ಲ ಉಂಡು ಮಲಗಿದ ಹೊತ್ತಿನಲ್ಲಿ, ಹತ್ತಿಯ ಎಳೆಗಳು ಒಂದೊಂದಾಗಿ ಒಳಗೆ ಬಂದು, ಬಿಸಿಲಿನ ಪಟ್ಟೆಯಲ್ಲಿ ಸ್ವಲ್ಪ ನಿಂತು, ಆಮೇಲೆ ಎಲ್ಲಿ ಇಳಿಯಬೇಕೆಂದು ಯೋಚಿಸಿ ಅವಳ ಹಾಸಿಗೆಯ ಮೇಲೆ ಇಳಿಯುತ್ತಿದ್ದವು. ನಾನು ಒಂದು ಸಲ ಹೋದಾಗ ಅವಳು ಅಂಗೈ ಚಾಚಿಕೊಂಡು ಕೂತಿದ್ದಳು. ಎಳೆಯೊಂದು ಕೈಗೆ ಬಂದರೂ ತೂಕವೇ ಇಲ್ಲ. "ಸರಳಕ್ಕ, ಇದು ನನ್ನ ಕೈಮೇಲೆ ಕೂತಿದೆಯಾ ಇಲ್ವಾ ಅಂತ್ಲೇ ಗೊತ್ತಾಗ್ತಿಲ್ಲ ನೋಡಿ," ಎಂದಳು. ಆ ವರ್ಷದಲ್ಲಿ ಅವಳು ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆಗ.

ಅಮ್ಮ ಪ್ರತಿ ವರ್ಷ ಆ ಹತ್ತಿಯಿಂದ ಮನೆಗೆ ಒಂದೆರಡು ದಿಂಬು ಮಾಡುತ್ತಾಳೆ. ಹಜಾರದಲ್ಲಿ ದೊಡ್ಡ ಸೊಳ್ಳೆಪರದೆ ಕಟ್ಟಿ, ಅದರೊಳಗೆ ಹತ್ತಿ ಸುರಿದು, ಕವಲು ಕೋಲನ್ನು ಮಜ್ಜಿಗೆ ಕಡೆಯುವ ಹಾಗೆ ಅಂಗೈಯಲ್ಲಿ ತಿರುಗಿಸಬೇಕು. ಬೀಜ ಕೆಳಗೆ ಉದುರುತ್ತದೆ, ಹತ್ತಿ ಮೇಲೇಳುತ್ತದೆ. ಫ್ಯಾನು ಹಾಕುವಂತಿಲ್ಲ, ಸೀನುವಂತಿಲ್ಲ. ಒಳಗೆ ಕೂತವರ ಕೂದಲು, ಹುಬ್ಬು ಎಲ್ಲ ಬಿಳಿಯಾಗಿ, ಯಾರು ಅತ್ತೆ ಯಾರು ಸೊಸೆ ತಿಳಿಯುವುದಿಲ್ಲ. ಹೊರಗಿನ ಸದ್ದು ಕೂಡ ಪರದೆಯ ಆಚೆಗೇ ನಿಂತಂತಿರುತ್ತದೆ. ಯಲಹಂಕದ ಕಡೆಯಿಂದ ವಿಮಾನ ಹೋದರೂ ಅದು ಬೇರೆ ಊರಿನ ವಿಮಾನ ಅನ್ನಿಸುತ್ತದೆ.

ಇದಕ್ಕೊಂದು ಕಟ್ಟುಪಾಡಿದೆ. ನಮ್ಮಜ್ಜಿಯ ಕಾಲದಿಂದ ಬಂದದ್ದು. ದಿಂಬಿನ ಬಾಯಿ ತೆರೆದಿರುವಾಗ ಅದರ ಹತ್ತಿರ ಜಗಳ ಆಡಬಾರದು, ಅಳಬಾರದು, ಯಾರನ್ನೂ ಬೈಯಬಾರದು. ದಿಂಬು ಕೇಳಿಸಿಕೊಳ್ಳುತ್ತದೆ, ಆಮೇಲೆ ಮಲಗಿದವರ ಕಿವಿಗೆ ಅದನ್ನೇ ಹೇಳುತ್ತದೆ. ಬಾಯಿ ಹೊಲಿಯುವ ಮುಂಚೆ ಬಗ್ಗಿ, ಒಂದು ಒಳ್ಳೆಯ ಮಾತು ಹೇಳಬೇಕು. ನನ್ನ ಮದುವೆಯ ದಿಂಬಿಗೆ ಅಮ್ಮ, "ಇವಳ ಬಾಯಿ ಸ್ವಲ್ಪ ಕಮ್ಮಿಯಾಗ್ಲಿ," ಎಂದಿದ್ದಳಂತೆ. ಆ ದಿಂಬು ಮಾತು ಕೇಳಿಸಿಕೊಂಡ ಲಕ್ಷಣ ಇವತ್ತಿನವರೆಗೆ ಕಂಡಿಲ್ಲ. ಅದಕ್ಕೇ ನನಗೆ ಈ ಕಟ್ಟುಪಾಡಿನಲ್ಲಿ ಅಂಥ ನಂಬಿಕೆ ಇರಲಿಲ್ಲ.

ಅತ್ತಿಗೆ ಆ ಪರದೆಯೊಳಗೆ ಸುಮ್ಮನೆ ಬಂದು ಕೂತಳು. ಮರುದಿನವೂ ಬಂದಳು. ಒಂದು ದಿಂಬನ್ನು ಅವಳ ಹಳೆಯ ಆಫೀಸಿನ ಗೆಳತಿಯೊಬ್ಬಳು ಒಯ್ದಳು. ಹಗಲು ಕಿಟಕಿಗೆ ಪರದೆ ಎಳೆದುಕೊಂಡು ಹೊರಳಾಡುತ್ತಿದ್ದ ಹುಡುಗಿ ಅದು. ಆಮೇಲೆ ಫೋನ್ ಮಾಡಿ, ಸಂಜೆ ಕುಕ್ಕರ್ ಕೂಗುವವರೆಗೂ ಎಚ್ಚರವಾಗಲಿಲ್ಲ ಎಂದಳು. ಅವಳ ಮಾತು ಕೇಳಿ ಮತ್ತೊಬ್ಬರು ಬಂದರು, ಆಮೇಲೆ ಆಸ್ಪತ್ರೆಯ ನರ್ಸುಗಳು ಬಂದರು, ಏರ್‌ಪೋರ್ಟಿನಲ್ಲಿ ರಾತ್ರಿ ಕಾಯುವವರು ಬಂದರು. ಈ ಊರಿನಲ್ಲಿ ಇಷ್ಟು ಜನ ನಿದ್ದೆಯಿಲ್ಲದೆ ತಿರುಗುತ್ತಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ.

ಮಳೆಗಾಲದ ಹೊತ್ತಿಗೆ ಅತ್ತಿಗೆ ಈ ದಿಂಬಿನ ಕೆಲಸಕ್ಕೆ 'ಜೋಂಪು' ಎಂದು ಹೆಸರಿಟ್ಟು ಬೋರ್ಡೂ ಬರೆಸಿದಳು. ಜಕ್ಕೂರು, ರಾಜಾನುಕುಂಟೆ, ದೊಡ್ಡಬಳ್ಳಾಪುರ ರಸ್ತೆ ಅಂತ ಅಲೆದು, ಯಾರ ಹಿತ್ತಲಲ್ಲಿ ಬೂರುಗ ಇದೆ ಎಂದು ಹುಡುಕಿ, ಅವರು ಕೂಡಿಟ್ಟ ಹತ್ತಿ ತಂದಳು. ನಮ್ಮ ಹಾಗೆಯೇ ಹೊಲ ಕಳೆದುಕೊಂಡು ಅವರಿವರ ಮನೆ ಕಸಮುಸುರೆ ಮಾಡುತ್ತಿದ್ದ ಮಾರಮ್ಮ, ಮುನಿಕೆಂಪಮ್ಮ ಇಬ್ಬರನ್ನೂ ಪರದೆಯೊಳಗೆ ಕೂರಿಸಿದಳು. ಪಟ್ಟೆ ಬಟ್ಟೆಯ ಚೀಲ ಹೊಲಿಯುವುದು ನನ್ನ ಪಾಲಿಗೆ ಬಂತು. "ನಿದ್ದೆ ಕಳ್ಕೊಂಡೋರಿಗೆ ದಿಂಬು, ಹೊಲ ಕಳ್ಕೊಂಡೋರಿಗೆ ಕೆಲ್ಸ," ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಎಷ್ಟು ಸಲ ಹೇಳಿದಳೆಂದರೆ ನನಗೆ ಬ್ಲೌಸಿಗೆ ಹುಕ್ಕು ಹಾಕುವಾಗಲೂ ಅದೇ ಕೇಳಿಸತೊಡಗಿತ್ತು.

ಎಲ್ಲ ಸರಿ, ಅವಳಿಗೆ ಮಾತ್ರ ನಿದ್ದೆ ಬರಲಿಲ್ಲ. ಅದೇ ನನ್ನ ಹೊಟ್ಟೆ ಉರಿಸುತ್ತಿದ್ದ ಸಂಗತಿ. ದಿಂಬಿನ ಬಾಯಿಗೆ ಮಾರಮ್ಮ ತನ್ನ ಕನಸು ಹೇಳುತ್ತಾಳೆ, ಮುನಿಕೆಂಪಮ್ಮ ಸೋಬಾನೆ ಪದ ಗುನುಗುತ್ತಾಳೆ, ಅಮ್ಮ ತನ್ನ ಅವರೆ ಹೊಲದ ಸೊಗಡನ್ನು ಹೇಳುತ್ತಾಳೆ. ಅತ್ತಿಗೆಯ ಸರದಿ ಬಂದರೆ ಒಂದೇ ಮಾತು, "ಚೆನ್ನಾಗಿ ನಿದ್ದೆ ಬರಲಿ." ಫೋನಿನಲ್ಲಿ ಗಿರಾಕಿಗೆ ಹೇಳುವ ದನಿಯಲ್ಲೇ. ಒಂದು ದಿನ ನಾನು, "ಬೇರೆ ಏನಾದ್ರೂ ಹೇಳು ಅತ್ತಿಗೆ, ದಿಂಬಿಗೂ ಬೇಜಾರಾಗಲ್ವಾ?" ಎಂದು ಛೇಡಿಸಿದೆ. "ಏನು ಹೇಳ್ಲಿ ಸರಳಕ್ಕ? ಕನಸು ಅಂದ್ರೆ ಹೆಂಗಿರತ್ತೆ ಅಂತ್ಲೇ ಮರ್ತೋಗಿದೆ," ಎಂದಳು. ಛೇಡಿಸಬಾರದಿತ್ತು ಅನ್ನಿಸಿತು.

ವರ್ಷ ತಿರುಗಿ ಮತ್ತೆ ಕಾಯಿ ಒಡೆಯುವ ಕಾಲ ಬಂತು. ಯಲಹಂಕದಿಂದಾಚೆಗೆ, ಇನ್ನು ವಾಸಿಯಾಗದ ಕಾಯಿಲೆಯವರನ್ನು ಕೊನೆಯವರೆಗೆ ನೋಡಿಕೊಳ್ಳುವ ಒಂದು ಮನೆಯಿದೆ. ಹಾವೇರಿ ಕಡೆಯ ಈರವ್ವ ಎಂಬಾಕೆ ಅದನ್ನು ನಡೆಸುತ್ತಾರೆ. ಹೊಸ ಕೋಣೆಗಳನ್ನು ಕಟ್ಟಿಸಿದ್ದರು, ಅಷ್ಟೂ ಮಂಚಕ್ಕೆ ನಮ್ಮ ದಿಂಬು ಬೇಕೆಂದರು. ಜೋಂಪಿಗೆ ಅಷ್ಟು ದೊಡ್ಡ ಕೆಲಸ ಅದೇ ಮೊದಲು. ನಾವು ಹಗಲೆಲ್ಲ ಪರದೆಯೊಳಗೇ ಇದ್ದೆವು.

ನಾಳೆ ದಿಂಬು ಕೊಡಬೇಕು ಎನ್ನುವ ದಿನ ಬೆಳಿಗ್ಗೆ ಕಂಪನಿಯ ಮ್ಯಾನೇಜರ್ ಫೋನ್ ಮಾಡಿದ. ಅತ್ತಿಗೆ ಪರದೆಯ ಒಳಗಿದ್ದೇ ಮಾತಾಡಿದಳು. ರಜೆ ಮುಗಿಯಿತು, ಮುಂಚಿಗಿಂತ ದೊಡ್ಡ ಹುದ್ದೆ ಇದೆ, ಕೆಲಸ ರಾತ್ರಿಯದೇ, ನಾಳೆ ಮೂರು ಗಂಟೆಗೆ ಫೋನ್ ಮಾಡುತ್ತೇನೆ, ಬರ್ತೀರೋ ಇಲ್ಲವೋ ಹೇಳಿ ಎಂದನಂತೆ. ಅಮ್ಮನ ಕೈಯಲ್ಲಿ ಬಾಯಿ ತೆರೆದ ದಿಂಬಿತ್ತು. ಅದನ್ನು ಕೆಳಗಿಡುವಷ್ಟೂ ತಾಳ್ಮೆ ಅವಳಿಗಿರಲಿಲ್ಲ.

"ಬತ್ತೀನಿ ಅಂತ ಯೋಳಿದ್ಯಾ?"

"ಇಲ್ಲ ಅತ್ತೆ. ಯೋಚ್ನೆ ಮಾಡ್ತೀನಿ ಅಂದೆ."

"ಏನ್ ಯೋಚ್ನೆ? ಕಾರಲ್ಲಿ ಓಗಿ ಕಾರಲ್ಲಿ ಬತ್ತಿದ್ದೋಳು ಇಲ್ಲಿ ಅತ್ತಿ ಕೆದರ್ಕೊಂಡು ಕೂತಿದೀಯ. ನಿಂಗೇ ನಿದ್ದೆ ಬರಾಕಿಲ್ಲ. ನಿದ್ದೆ ಬರ್ದೋಳು ಮಾಡಿದ ದಿಂಬು ಇನ್ಯಾರಿಗೆ ನಿದ್ದೆ ಕೊಟ್ಟೀತು?"

ಆ ಮಾತು ಆಡಬಾರದಿತ್ತು. ಅತ್ತಿಗೆಯ ಮುಖದ ಮೇಲಿದ್ದ ಹತ್ತಿ ಕೂಡ ಅಲುಗಲಿಲ್ಲ. ಆಮೇಲೆ ಅವಳು ಬಾಯಿ ಬಿಟ್ಟಳು. ಮದುವೆಯಾಗಿ ಬಂದಾಗಿನಿಂದ ಅವಳು ಅಮ್ಮನಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ನಿಮ್ಗೆ ನಾನು ಬೇಡ ಅತ್ತೆ, ಆ ಕಾರು ಬೇಕು. ಬೀದಿಯೋರು ನೋಡ್ಬೇಕು. ನಾನು ಒಳಗೊಳಗೇ ಸತ್ತೋಗ್ತಿದ್ರೂ ಗೇಟ್ ಹತ್ರ ನಿಂತು ನಗ್ತಿದ್ರಲ್ಲ ನೀವು!" ಎಂದು ಕಿರುಚಿದಳು. ಅಮ್ಮನೂ ಕಿರುಚಿದಳು. ನಾನು ಬಿಡಿಸಲು ಹೋಗಿ, ಬಿಡಿಸುವ ನೆಪದಲ್ಲಿ ಇಬ್ಬರಿಗೂ ಚೆನ್ನಾಗಿ ಬೈದೆ. ಹತ್ತಿ ಮೇಲೆದ್ದು ಯಾರ ಮುಖವೂ ಯಾರಿಗೂ ಕಾಣದಾಯಿತು.

ಅದು ಇಳಿದಾಗ ಮಾರಮ್ಮ ಎರಡೂ ಕೈ ಬಾಯಿಗೆ ಅಡ್ಡ ಹಿಡಿದು ಕೂತಿದ್ದಳು. "ಗೋಪಾಲಕ್ಕ, ಎಲ್ಲಾ ಕೇಳಿಸ್ಕೊಂಡ್ವು ಕಣಕ್ಕ," ಎಂದಳು.

ನಾವು ಸುತ್ತ ನೋಡಿದೆವು. ಬಾಯಿ ಹೊಲಿದವು, ಹೊಲಿಯದವು, ಅರ್ಧ ಹೊಲಿದವು ಎಲ್ಲ ಒಂದರ ಮೇಲೊಂದು. ಯಾವುದು ಯಾವಾಗ ತುಂಬಿದ್ದು ಎಂದು ಹೇಳುವ ಹಾಗಿರಲಿಲ್ಲ. ನಾನು, "ಅದಕ್ಕೇನೀಗ? ದಿಂಬಿಗೇನು ಕಿವಿ ಇದೆಯಾ? ಹೊಲ್ದು ಕಳಿಸಿ, ಯಾರಿಗೆ ಗೊತ್ತಾಗತ್ತೆ," ಎಂದೆ. ಅಮ್ಮ ನನ್ನ ಹೊಲಿಗೆ ಡಬ್ಬಿಯಿಂದ ಬ್ಲೇಡು ತೆಗೆದುಕೊಂಡು ಮೊದಲ ದಿಂಬಿನ ಹೊಲಿಗೆಯನ್ನು ಕುಯ್ದಳು.

"ಸಾಯೋರ ತಲೆ ಕೆಳ್ಗೆ ನಮ್ ಮನೆ ಜಗಳ ಇಡಾಕಾಯ್ತದಾ?" ಎಂದಳು, ಯಾರನ್ನೂ ನೋಡದೆ.

ಅತ್ತಿಗೆ ಫೋನ್ ತೆಗೆದುಕೊಂಡು ಪರದೆಯಿಂದ ಹೊರಗೆ ಹೋಗಿ ಈರವ್ವನವರಿಗೆ ಮಾಡಿದಳು. ಬಟ್ಟೆ ಬರಲಿಲ್ಲ, ಕರೆಂಟ್ ಇರಲಿಲ್ಲ ಅಂತ ಏನಾದರೂ ಹೇಳುತ್ತಾಳೆಂದು ನಾನು ಕಾದೆ. ಅವಳು, "ಒಂದು ದಿನ ತಡ ಆಗತ್ತಮ್ಮ. ದಿಂಬು ತುಂಬೋವಾಗ ನಾವು ಜಗಳ ಆಡ್ಬಿಟ್ವಿ. ಎಲ್ಲಾ ಬಿಚ್ಚಿ ಮತ್ತೆ ತುಂಬ್ಬೇಕು," ಎಂದಳು. ಅದಕ್ಕೆ ಈರವ್ವ ಹೇಳಿದರಂತೆ, "ಬಿಚ್ಚ್ರಿ ತಂಗಿ. ಇಲ್ಲಿರೋ ಮಂದಿಗೆ ಅವರವರ ಮನಿ ಜಗಳಾನ ಸಾಕಷ್ಟ ಅದಾವ. ನಾಡಿದ್ದ ತಗೊಂಬರ್ರಿ."

ಆ ದಿನವೆಲ್ಲ ಬಿಚ್ಚಿದೆವು. ನಾನು ನನ್ನ ಕೈಯಾರೆ ಹಾಕಿದ ಹೊಲಿಗೆಯನ್ನು ನಾನೇ ಕುಯ್ಯುತ್ತಾ ಗೊಣಗಿದೆ, ಆದರೆ ಗೊಣಗಿದ್ದು ಪರದೆಯ ಹೊರಗೆ ಬಂದು. ನಂಬಿಕೆ ಇಲ್ಲದಿದ್ದರೂ ಒಳಗೆ ಗೊಣಗಲು ಧೈರ್ಯ ಬರಲಿಲ್ಲ. ಹತ್ತಿಯೆಲ್ಲ ಪರದೆಯೊಳಗೆ ಸೊಂಟದವರೆಗೆ ಏರಿತು. ಅಣ್ಣ ಪೀಣ್ಯದಿಂದ ಕೆಲಸ ಮುಗಿಸಿ ಬಂದವನು ಬಾಗಿಲಲ್ಲೇ ನಿಂತು, ಒಳಗೆ ಕಾಲಿಡದೆ, ಹೋಟೆಲಿನಿಂದ ಊಟ ತರುತ್ತೇನೆಂದು ಹೋದ. ಬುದ್ಧಿವಂತ.

ಮರುದಿನ ಬಿಸಿಲು ಏರಿದ ಮೇಲೆ ಮತ್ತೆ ತುಂಬಲು ಕೂತೆವು. ಅತ್ತಿಗೆ ಫೋನನ್ನು ಒಂದು ಸ್ಟೀಲ್ ಡಬ್ಬಿಯ ಮುಚ್ಚಳದ ಕೆಳಗಿಟ್ಟು, "ಮೂರಕ್ಕೆ ಬರತ್ತೆ, ನಾನೇ ತಗೋತೀನಿ," ಎಂದಳು. ಏನು ಹೇಳುತ್ತೀಯ ಎಂದು ನಾನು ಕೇಳಲಿಲ್ಲ. ಹೋಗುತ್ತಾಳೆ ಅನ್ನಿಸಿತ್ತು. ನಿದ್ದೆ ಬರದವಳು ಮಾಡಿದ ದಿಂಬು ಎಂಬ ಮಾತು ಅವಳೊಳಗೆ ಕೂತುಬಿಟ್ಟಿದೆ, ಜೋಂಪು ಇನ್ನು ಮುಚ್ಚಿತು, ಮಾರಮ್ಮ ಮುನಿಕೆಂಪಮ್ಮ ಮತ್ತೆ ಮುಸುರೆಗೆ ಹೋಗುತ್ತಾರೆ, ಇವಳು ಮತ್ತೆ ಆ ಕಾರು ಹತ್ತುತ್ತಾಳೆ ಎಂದು ನೆನೆದು ನನಗೆ ಅಳು ಬಂತು. ಅಳಬಾರದೆಂದು ಸೂಜಿಗೆ ದಾರ ಪೋಣಿಸಿದೆ.

ಮೊದಲ ದಿಂಬು ತುಂಬಿತು. ಅಮ್ಮ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅವರೆ ಹೊಲದ ಮಾತು ಬರುತ್ತದೆಂದು ನಾವು ಕಾದೆವು. ಅಮ್ಮ ಬಗ್ಗಿ, ದಿಂಬಿನ ಬಾಯಿಗೆ ಬಾಯಿ ಹತ್ತಿರ ಇಟ್ಟು, ಮೆಲ್ಲಗೆ ಹೇಳತೊಡಗಿದಳು.

"ನಾನು ಗೇಟ್ ತಾವ ನಿಂತ್ಕೊತಿದ್ದಿದ್ದು ಕಾರ್ ನೋಡಾಕಲ್ಲ ಕಣಪ್ಪ. ಎಣ್ಣು ಮಗಳು ಕತ್ಲಲ್ಲಿ ಕೆಲ್ಸಕ್ಕೋದೋಳು ಬರೋಗಂಟ ನಂಗೂ ನಿದ್ದೆ ಬತ್ತಿರ್ಲಿಲ್ಲ. ಕಾರ್ ಬಾಗ್ಲು ತೆಗ್ದು ಇವಳ ಕಾಲು ನೆಲ ಮುಟ್ಟಿದ್ ಮೇಲೇನೆ ನಂಗೆ ಉಸ್ರು. ಅದುಕ್ಕೇ ನಗ್ತಿದ್ದೆ. ಅಷ್ಟೆಯ." ಇನ್ನಷ್ಟು ಬಗ್ಗಿ, "ನಮ್ ಶಿಲ್ಪ ಮನೇಲೇ ಇರ್ಲಿ. ಎಲ್ರೂ ಮನೇಗ್ ಬಂದು ಮಲೀಕೊಳ್ಳಿ," ಎಂದು ಬಾಯಿ ಮುಚ್ಚಿ ನನ್ನ ಕಡೆ ಚಾಚಿದಳು. ನಾನು ಹೊಲಿದೆ. ಹೊಲಿಗೆ ಸೊಟ್ಟಗಾಯಿತು, ಕಣ್ಣು ಮಂಜಾಗಿತ್ತು.

ಅತ್ತಿಗೆ ಮುಂದಿನ ಚೀಲಕ್ಕೆ ಹತ್ತಿ ತುಂಬತೊಡಗಿದಳು. ಕೆಲಸ ಸಾಗಿತು. ಮುನಿಕೆಂಪಮ್ಮ ಪದ ಗುನುಗಿದಳು, ಮಾರಮ್ಮ ತನ್ನ ಕನಸಿನಲ್ಲಿ ಬಂದ ಬಿಳಿ ಹಸುವಿನ ವಿಷಯ ಹೇಳಿದಳು, ಹೊರಗೆ ಮರದಿಂದ ಕಾಯಿ ಒಡೆಯುವ ಸಣ್ಣ ಸದ್ದು ಕೇಳುತ್ತಿತ್ತು. ಒಂದು ದಿಂಬು ಮುಗಿದು ಇನ್ನೊಂದನ್ನು ಕೇಳಲು ತಿರುಗಿದರೆ, ಅತ್ತಿಗೆ ಹತ್ತಿಯ ರಾಶಿಗೆ ಒರಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಉಸಿರಿಗೆ ತುಟಿಯ ಹತ್ತಿರದ ಒಂದು ಎಳೆ ಮೇಲೇಳುತ್ತಿತ್ತು, ಇಳಿಯುತ್ತಿತ್ತು.

ನಾವು ಕೈ ಕಾಲು ಆಡಿಸದೆ ಕೂತೆವು. ಮಾರಮ್ಮ ಕನಸಿನ ಹಸುವನ್ನು ಅರ್ಧಕ್ಕೇ ಬಿಟ್ಟಳು. ನಾಲ್ಕು ಜನ ಹೆಂಗಸರು, ಮೈಯೆಲ್ಲ ಬಿಳಿ, ಒಬ್ಬಳು ನಿದ್ದೆ ಮಾಡುವುದನ್ನು ನೋಡುತ್ತಾ ಕೂತಿದ್ದೆವು. ಅಷ್ಟು ಚಂದದ್ದನ್ನು ನಾನು ಯಾವ ಮದುವೆ ಮನೆಯಲ್ಲೂ ನೋಡಿಲ್ಲ. ಬಿಸಿಲಿನ ಪಟ್ಟೆ ಗೋಡೆಯಿಂದ ನೆಲಕ್ಕೆ ಇಳಿದು, ನಮ್ಮ ಕಾಲ ಮೇಲೆ ಹಾದು ಹೋಯಿತು.

ಮೂರಕ್ಕೆ ಫೋನ್ ಬಂತು. ಸ್ಟೀಲ್ ಮುಚ್ಚಳ ಗಡಗಡ ನಡುಗಿತು. ನಾನು ಅತ್ತಿಗೆಯನ್ನು ಎಬ್ಬಿಸಲು ಕೈ ಚಾಚಿದೆ. ಅಮ್ಮ ನನ್ನ ಕೈ ಮೇಲೆ ಒಂದು ಏಟು ಕೊಟ್ಟು, ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಪರದೆಯ ಅಂಚಿಗೆ ಸರಿದಳು. ಹಸಿರು ಗುಂಡಿ ಒತ್ತಲು ಅವಳಿಗೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

"ಯಾರಪ್ಪಾ? ... ನಾನು ಅವರತ್ತೆ. ... ಮಲಗವ್ಳೆ." ಆ ಕಡೆಯವನು ಏನೋ ಹೇಳಿದ. ಅಮ್ಮನ ದನಿ ಪಿಸುಮಾತಿಗಿಂತ ಮೇಲೇರಲಿಲ್ಲ. "ಎಬ್ಬಿಸಾಕಾಗಲ್ಲ ಕಣಪ್ಪ. ಇಷ್ಟ್ ವರ್ಸ ನೀವು ಮಲಗಾಕ್ ಬಿಡ್ಲಿಲ್ಲ. ಇವತ್ತು ಮಲಗವ್ಳೆ. ... ಸರಿ, ಆರು ಗಂಟೆ ಒಳ್ಗೆ ಎದ್ರೆ ಯೋಳ್ತೀನಿ. ಏಳ್ದಿದ್ರೆ ಇಲ್ಲ."

ಆಮೇಲೆ ನಾವು ಸದ್ದಿಲ್ಲದೆ ಮಿಕ್ಕ ದಿಂಬುಗಳನ್ನು ತುಂಬಿ ಹೊಲಿದೆವು, ಒಂದು ಮಾತ್ರ ಉಳಿಯಿತು. ಅತ್ತಿಗೆ ಎದ್ದಾಗ ಹಜಾರದಲ್ಲಿ ಬೆಳಕು ಹಳದಿಯಾಗಿತ್ತು, ಆರು ಇನ್ನೂ ಹೊಡೆದಿರಲಿಲ್ಲ. ಎಲ್ಲಿದ್ದೇನೆಂದು ತಿಳಿಯದೆ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು. ಕೆನ್ನೆಯ ಮೇಲೆ ಪಟ್ಟೆ ಬಟ್ಟೆಯ ಗೆರೆ ಮೂಡಿತ್ತು.

"ಫೋನ್ ಬಂತಾ?"

"ಬಂತು," ಎಂದಳು ಅಮ್ಮ. ಅವಳು ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ನಾನೇ ಎತ್ತಿ ಮಾತಾಡ್ದೆ. ನಿನ್ನ ಎಬ್ಬಿಸ್ಲಿಲ್ಲ. ಬೈಬೇಕಂದ್ರೆ ಆಚೆ ಬಾ, ಇಲ್ಲಿ ಬ್ಯಾಡ. ಆರು ಗಂಟೆಗಂಟ ಕಾಯ್ತಾನಂತೆ, ಬೇಕಿದ್ರೆ ಮಾಡು."

ಅತ್ತಿಗೆ ಫೋನ್ ತೆಗೆದುಕೊಂಡಳು. ನೋಡಿದಳು. ಮತ್ತೆ ಮುಚ್ಚಳದ ಕೆಳಗೆ ಇಟ್ಟು, ಉಳಿದಿದ್ದ ಕೊನೆಯ ದಿಂಬನ್ನು ತೊಡೆಗೆ ಎಳೆದುಕೊಂಡಳು. ಬಗ್ಗಿ ಅದರ ಬಾಯಿಯ ಹತ್ತಿರ ಮುಖ ಇಟ್ಟಳು. ಚೆನ್ನಾಗಿ ನಿದ್ದೆ ಬರಲಿ ಎನ್ನುತ್ತಾಳೆಂದು ನಾನು ಸೂಜಿ ಹಿಡಿದು ಕಾದೆ.

"ನಂಗೊಂದು ಕನಸು ಬಿತ್ತು," ಎಂದಳು. ಅದು ಫೋನಿನ ದನಿ ಆಗಿರಲಿಲ್ಲ. "ಹೆಬ್ಬಾಳದ ಕೆರೆ. ಬೆಳಗಾಗಿತ್ತು. ನಮ್ಮ ದಿಂಬುಗಳೆಲ್ಲ ನೀರಿನ ಮೇಲೆ ತೇಲ್ತಾ ಇದ್ವು, ಒಂದೂ ನೆನೆದಿರ್ಲಿಲ್ಲ. ಅತ್ತೆ ದಡದಲ್ಲಿ ನಿಂತು, ಒಂದೊಂದಕ್ಕೂ ಹೆಸರಿಟ್ಟು, ಮನೆಗೆ ಬನ್ನಿ ಅಂತ ಕರೀತಿದ್ರು. ಆಮೇಲೆ..."

ಅಮ್ಮ ಮುಂದೆ ಬಾಗಿ ದಿಂಬಿನ ಬಾಯಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು.

"ಸಾಕು, ಸಾಕು. ಮಿಕ್ಕಿದ್ದು ಮಲಗೋರು ನೋಡ್ಕೊಳ್ಲಿ," ಎಂದಳು. "ಸರಳಾ, ಒಲಿ ಬೇಗ."

ನಾನು ಹೊಲಿದೆ.